ಐಸಮ್ಮನ ಶುಕ್ರವಾರದ ಕ್ಯಾಸೆಟ್ಟು

ಐಸಮ್ಮನಷ್ಟು ಚೆನ್ನಾಗಿ ಜಗಳ ಹೇಳುವವರನ್ನು ನಾನು ನೋಡಿಲ್ಲ. ಜಗಳ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೂ ಆ ಪಂಗಡದವಳೇ. ಆದರೆ ಎಲ್ಲೋ ನಡೆದ ಹೊಡೆದಾಟವನ್ನು ಕೂತಲ್ಲಿಗೇ ಎಳೆದು ತಂದು, ಯಾರ ಹಲ್ಲು ಎಲ್ಲಿ ಬಿತ್ತು, ಯಾರ ಲುಂಗಿ ಯಾರ ಕೈಯಲ್ಲಿ ಉಳಿಯಿತು ಎಂದು ಕಣ್ಣಿಗೆ ಕಟ್ಟುವ ಹಾಗೆ ಹೇಳುವುದು ಬೇರೆಯೇ ವಿದ್ಯೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಐಸಮ್ಮನಿಗೆ ಅದು ಎಲ್ಲಿಂದ ಬಂತೋ ಗೊತ್ತಿಲ್ಲ.

ಮೆಲ್ಕಾರಿನಿಂದ ಸ್ವಲ್ಪ ಒಳಗೆ ನಮ್ಮಿಬ್ಬರ ಮನೆ, ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ನನ್ನ ಹೆಸರು ಅಮ್ಮಣ್ಣಿ, ಗಂಡ ತೀರಿಹೋದ ಮೇಲೆ ಬೀಡಿ ಕಟ್ಟಿಯೇ ಬದುಕಿದವಳು. ಅವಳೂ ಬೀಡಿ ಕಟ್ಟುತ್ತಿದ್ದಳು. ದಿನವೂ ಅವಳ ಮನೆಯ ಹಿಂದಿನ ಜಗಲಿಯಲ್ಲಿ ಇಬ್ಬರೂ ಎಲೆ, ಹೊಗೆಸೊಪ್ಪು ಹಾಕಿದ ಮೊರದಂಥ ತಡಪೆ ತೊಡೆಯ ಮೇಲೆ ಇಟ್ಟುಕೊಂಡು ಕೂರುವುದು. ನಮ್ಮಿಬ್ಬರ ಮಾತು ತುಳುವಿನಲ್ಲಿ, ಅವಳ ಮನೆಯ ಮಾತು ಬ್ಯಾರಿಯಲ್ಲಿ, ಅದೂ ನನಗೆ ತಿಳಿಯುತ್ತದೆ. ಇಲ್ಲಿ ಬರೆಯುವಾಗ ಎಲ್ಲವನ್ನೂ ಕನ್ನಡ ಮಾಡಿದ್ದೇನೆ.

ಅವಳ ಗಂಡ ಸುಲೈಮಾನ್ ತೊಂಬತ್ತೆರಡರಲ್ಲಿ ದಮ್ಮಾಮಿಗೆ ಹೋದ. ಅಲ್ಲಿ ಒಂದು ಗೋದಾಮಿನಲ್ಲಿ ಕೆಲಸ, ಒಂದು ರೂಮಿನಲ್ಲಿ ಎಂಟು ಜನ, ಎಲ್ಲರೂ ಈ ಕಡೆಯವರೇ: ಬಂಟ್ವಾಳ, ವಿಟ್ಲ, ಬೆಳ್ತಂಗಡಿ. ಆಗ ಫೋನು ಎಂದರೆ ಹಬ್ಬಕ್ಕೊಮ್ಮೆ. ಕಾಗದ ಬರೆಯಲು ಇವಳಿಗೆ ಬರುವುದಿಲ್ಲ. ಹಾಗಾಗಿ ಆ ಕಾಲದ ಎಲ್ಲ ಗಲ್ಫ್ ಮನೆಗಳ ಹಾಗೆ ಇವರದ್ದೂ ಕ್ಯಾಸೆಟ್ ವ್ಯವಹಾರ. ಪ್ರತಿ ಶುಕ್ರವಾರ ಗಂಡಸರು ಜುಮಾ ನಮಾಜಿಗೆ ಹೋದ ಹೊತ್ತಿಗೆ ಅವಳು ಟೇಪ್ ರೆಕಾರ್ಡರ್ ಎದುರು ಕೂತು ಆ ವಾರದ ಸಂಗತಿಯನ್ನೆಲ್ಲ ಕಾಲು ಗಂಟೆ ಹೇಳುವಳು. ನಾಲ್ಕು ಶುಕ್ರವಾರಕ್ಕೆ ಎರಡೂ ಬದಿ ತುಂಬುತ್ತಿತ್ತು. ಆಮೇಲೆ ಆ ಕಡೆ ಹೋಗುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ಕೊಡುವುದು. ಅಲ್ಲಿಂದ ಬರುವವರ ಕೈಯಲ್ಲಿ ಸುಲೈಮಾನನ ಕ್ಯಾಸೆಟ್ ಬರುವುದು.

ಮೊದಮೊದಲು ಅವಳು ಎಲ್ಲರ ಹಾಗೆ ಸೌಖ್ಯ, ಮಳೆ, ಮೀನು ಎಂದು ಹೇಳುತ್ತಿದ್ದಳು. ಒಮ್ಮೆ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಇಬ್ಬರು ಹೆಂಗಸರು ಎಲೆಯ ವಿಷಯಕ್ಕೆ ಜುಟ್ಟು ಹಿಡಿದುಕೊಂಡದ್ದನ್ನು ಹೇಳಿದಳು, ಅಷ್ಟೇ. ಅಲ್ಲಿಂದ ಸುಲೈಮಾನ್ ಬೇಡಿಕೆ ಇಟ್ಟ: "ಇಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ ಮಾರಾಯ್ತಿ. ಊರಿನ ಪೆಟ್ಟು ಗುದ್ದು ಕೇಳಿದರೆ ನಮಗೆ ಊಟ ಸೇರ್ತದೆ. ರೂಮಿನವರೆಲ್ಲ ಒಟ್ಟಿಗೆ ಕೂತು ಕೇಳ್ತೇವೆ. ಹೊಡೆದಾಟ ಇದ್ದರೆ ಮೊದಲು ಅದನ್ನು ಹೇಳು."

ಅಂದಿನಿಂದ ಐಸಮ್ಮನ ವಾರವೆಲ್ಲ ಹೊಡೆದಾಟ ಹುಡುಕುವುದರಲ್ಲೇ ಹೋಗುತ್ತಿತ್ತು. ಬ್ರಾಂಚಿಗೆ ಹೋದಲ್ಲಿ, ಮೀನಿನವನ ಹತ್ತಿರ, ಬಸ್ಸಿನಲ್ಲಿ, ಎಲ್ಲೆಲ್ಲಿ ಯಾರು ಯಾರಿಗೆ ಬಾರಿಸಿದರು ಎಂದು ವಿಚಾರಿಸುವುದು. ನಾನು ಬದಿಯಲ್ಲಿ ಕೂತು ಕೇಳುತ್ತಿದ್ದೆ.

"ಅಸ್ಸಲಾಮು ಅಲೈಕುಂ. ನಾನು ಸೌಖ್ಯ, ನೀವೆಲ್ಲ ಸೌಖ್ಯ ಅಂತ ತಿಳೀತೇನೆ. ಶನಿವಾರ ನಮ್ಮ ಬೆಕ್ಕು ಕೇರೆಹಾವು ಹಿಡಿದು ಅಡಿಗೆಮನೆಗೆ ತಂತು. ತಲೆ ಇರಲಿಲ್ಲ, ಬಾಲ ಮಾತ್ರ ಕುಣೀತಾ ಉಂಟು. ಆ ದಿನ ನಾನು ಬರೀ ಗಂಜಿ ಕುಡಿದೆ. ಭಾನುವಾರ ಬೆಳ್ತಂಗಡಿಯಲ್ಲಿ ಕಬಡ್ಡಿ. ನಮ್ಮ ಕಡೆಯ ಒಬ್ಬನನ್ನು ಅವರು ಆರು ಜನ ಹಿಡಿದು ಮಗುಚಿ ಹಾಕಿದರಂತೆ, ದವಡೆ ಎಡಕ್ಕೆ ಹೋಗಿದೆ, ಈಗ ಎಳನೀರು ಕೂಡ ಬಲಗಡೆಯಿಂದ ಕುಡೀಬೇಕು. ಮಂಗಳವಾರ ಎರಡು ಬಸ್ಸಿನವರು ಟೈಮಿಗೆ ಜಗಳ. ಒಬ್ಬ ಕಂಡಕ್ಟರ್ ಇನ್ನೊಬ್ಬನ ಕಿವಿ ಕಚ್ಚಿದ. ಬುಧವಾರ ಮದುವೆ. ಬಿರಿಯಾನಿಯಲ್ಲಿ ತುಂಡು ಇಲ್ಲ ಅಂತ ಶುರುವಾದದ್ದು, ಸೌಟು ಮುರಿಯುವ ತನಕ ಹೋಯಿತು. ಮದುಮಗನ ಮಾವನ ತಲೆಗೆ ಮೂರು ಹೊಲಿಗೆ. ಮೂರು ಹೊಲಿಗೆ ಹಾಕಿಸಿಕೊಂಡು ಬಂದು ಮತ್ತೆ ಊಟಕ್ಕೆ ಕೂತರಂತೆ!"

ಉತ್ತರದ ಕ್ಯಾಸೆಟ್ಟಿನಲ್ಲಿ ಎಂಟು ಗಂಡಸರ ನಗು. ಆ ರೂಮಿನಲ್ಲಿ ಹಿರಿಯರಾದ ಮೊಯಿದಿನಬ್ಬ ಎಂಬವರು ಅಡುಗೆ ಮಾಡುವವರು, ಪಾಣೆಮಂಗಳೂರಿನವರು. ಅವರದ್ದೊಂದು ದಪ್ಪ ಧ್ವನಿ ಕೊನೆಯಲ್ಲಿ ಬರುತ್ತಿತ್ತು: "ತಂಗೀ, ಆ ಕಿವಿ ಮತ್ತೆ ಸಿಕ್ಕಿತಾ?" ನನಗೂ ಹೆಮ್ಮೆಯಾಗುತ್ತಿತ್ತು. ಬೀಡಿ ಕಟ್ಟುವ ಹೆಂಗಸಿನ ಮಾತಿಗೆ ಸಮುದ್ರದ ಆಚೆ ಎಂಟು ಜನ ಕಾಯುತ್ತಾರೆ ಎಂದರೆ ಸಣ್ಣ ವಿಷಯವೇ?

ತೊಂಬತ್ತನಾಲ್ಕರಲ್ಲಿ ಸುಲೈಮಾನನ ಅಣ್ಣ ಮಹಮ್ಮದ್ ಕುಂಞಿ ದಮ್ಮಾಮಿನಿಂದ ವಾಪಸ್ ಬಂದ. ತಮ್ಮನಿಗೆ ವೀಸಾ ಮಾಡಿಕೊಟ್ಟು ಕರೆಸಿಕೊಂಡವನು ಅವನೇ. ಅಲ್ಲಿ ಏನೋ ಹೊಡೆದಾಟ ಮಾಡಿ ಕೆಲಸ ಕಳೆದುಕೊಂಡಿದ್ದ. ಹೆಂಡತಿಯೊಂದಿಗೆ ಮನೆಯ ಮುಂದಿನ ಭಾಗದಲ್ಲಿ ಉಳಿದ, ಐಸಮ್ಮ ಹಿಂದಿನ ಭಾಗದಲ್ಲಿ. ಮೆಲ್ಕಾರಿನಲ್ಲಿ ಒಂದು ಪೈಪಿನ ಅಂಗಡಿ ಇಟ್ಟ. ಮನೆಗೆ ಟಿ.ವಿ. ತಂದ, ಅದರಲ್ಲಿ ಪರದೇಶದ ದಡಿಯರು ಒಬ್ಬರ ಮೇಲೊಬ್ಬರು ಹಾರುವ ಕುಸ್ತಿ ನೋಡುವುದು ಅವನ ಅಭ್ಯಾಸ. ಟೇಪ್ ರೆಕಾರ್ಡರ್ ಅವನ ಜಗಲಿಗೆ ಹೋಯಿತು. ಶುಕ್ರವಾರಕ್ಕೆ ಮಾತ್ರ ಇವಳಿಗೆ ಕೊಡುವುದು. ಕ್ಯಾಸೆಟ್ ತುಂಬಿದ ಮೇಲೆ ಅವನು ಚಹಾ ಕುಡಿಯುತ್ತಾ ಪೂರ್ತಿ ಕೇಳಿ, ಆಮೇಲೆ ಹೋಗುವವರ ಕೈಗೆ ಕೊಡುವನು. ಒಮ್ಮೆ ಇವಳು ಹಿಂದಿನ ಕೋಣೆ ಸೋರುತ್ತದೆ ಎಂದದ್ದನ್ನು ಅಳಿಸಿ, ಆ ಜಾಗದಲ್ಲಿ ತಾನು ಕೆಮ್ಮಿ ಬಿಟ್ಟಿದ್ದ.

ಮೊದಲ ಸಲ ಹೊಡೆದದ್ದು ನನ್ನ ಕಾರಣಕ್ಕೆ. ನನ್ನ ದನ ಕರು ಹಾಕಿತ್ತು, ಐಸಮ್ಮ ನೋಡಲು ಗೋಡೆ ದಾಟಿ ಬಂದಳು. ಹೇಳದೆ ಹೋದದ್ದು ಯಾಕೆ ಎಂದು ಅವನು ಕೆನ್ನೆಗೆ ಕೊಟ್ಟ. ಗೋಡೆಯ ಈಚೆ ನನಗೆ ಆ ಸದ್ದು ಕೇಳಿಸಿತು. ಆಮೇಲೆ ಅದಕ್ಕೆ ಕಾರಣ ಬೇಕಾಗಲಿಲ್ಲ. ಸಾರಿಗೆ ಉಪ್ಪು ಕಡಿಮೆ, ನೀರು ಬಿಸಿ ಇಲ್ಲ, ತಲೆಯ ಬಟ್ಟೆ ಜಾರಿದೆ. ಕೈಯಿಂದ ಶುರುವಾದದ್ದು ಬೆಲ್ಟಿಗೆ ಬಂತು. ಅವನ ಹೆಂಡತಿ ಬಾಗಿಲು ಹಾಕಿಕೊಂಡು ಒಳಗಿರುವಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳ ಬೆನ್ನನ್ನೂ ನಾನು ಬಾವಿಕಟ್ಟೆಯಲ್ಲಿ ನೋಡಿದ್ದೇನೆ.

"ನಾನು ಕಾಗದ ಬರೆದು ಹಾಕ್ತೇನೆ ಐಸಮ್ಮ. ಏಳನೇ ಕ್ಲಾಸು ಓದಿದವಳು ನಾನು," ಎಂದೆ.

"ಬೇಡ ಅಮ್ಮಣ್ಣಿಯಕ್ಕ. ಅವರಿಗೆ ಅಣ್ಣ ಅಂದರೆ ಅಪ್ಪನಿಂದ ಹೆಚ್ಚು. ಈಗ ಹೇಳಿದರೆ ನನ್ನದೇ ತಪ್ಪು ಅಂತಾರೆ. ಮೊದಲು ಆ ಗಂಡಸಿನ ಮೇಲೆ ಅವರಿಗೆ ದ್ವೇಷ ಬರಲಿ. ಹೆಸರು ಆಮೇಲೆ ಹೇಳುವ."

ಮುಂದಿನ ಶುಕ್ರವಾರ ಅವಳು ರೆಕಾರ್ಡರ್ ಎದುರು ಕೂತು ಹೇಳಿದಳು: "ಈ ವಾರ ಒಂದು ಹೊಸ ಸುದ್ದಿ ಉಂಟು. ವಿಟ್ಲದಲ್ಲಿ ನೆಬೀಸಾ ಅಂತ ಒಬ್ಬಳು. ಗಂಡ ಪರದೇಶದಲ್ಲಿ. ಗಂಡನ ಅಣ್ಣ ಅವಳಿಗೆ ಹೊಡೀತಾನೆ." ಆಮೇಲೆ ತನ್ನ ಮೈಮೇಲೆ ಬಿದ್ದ ಪೆಟ್ಟನ್ನು ಒಂದೊಂದಾಗಿ ಎಣಿಸಿದಳು. ಧ್ವನಿ ನಡುಗಲಿಲ್ಲ. ಬಿರಿಯಾನಿ ಜಗಳ ಹೇಳಿದಷ್ಟೇ ಸಲೀಸಾಗಿ, ಅಷ್ಟೇ ರುಚಿಯಾಗಿ ಹೇಳಿದಳು. ನಾನು ಬೀಡಿ ಎಲೆ ಕತ್ತರಿಸುವುದು ಬಿಟ್ಟು ಅಳುತ್ತಾ ಕೂತಿದ್ದೆ.

ಆ ಕ್ಯಾಸೆಟ್ಟನ್ನು ಮಹಮ್ಮದ್ ಕುಂಞಿ ಜಗಲಿಯಲ್ಲಿ ಕೂತು ಕೇಳಿದ. ನಾನು ಗೋಡೆಯ ಈಚೆ ಕಿವಿಗೊಟ್ಟು ನಿಂತಿದ್ದೆ. ಅವನು ನಕ್ಕ! ಬಸಳೆ ಸಾರಿನ ಪಾತ್ರೆ ನೆಬೀಸಾಳ ಕಾಲ ಮೇಲೆ ಬಿದ್ದಲ್ಲಿ ತೊಡೆ ತಟ್ಟಿಕೊಂಡು ನಕ್ಕ. ಮೂರು ದಿನದ ಹಿಂದೆ ಆ ಪಾತ್ರೆಯನ್ನು ಒದ್ದವನು ತಾನೇ ಎಂದು ಅವನಿಗೆ ನೆನಪೇ ಇಲ್ಲ. "ಹೆಂಗಸರಿಗೆ ಬಾಯಿ ಹೆಚ್ಚಾದರೆ ಹಾಗೆಯೇ," ಎಂದು ಹೇಳಿ ಚಹಾ ಮುಗಿಸಿದ. ಹೊಡೆಯುವವನಿಗೆ ಲೆಕ್ಕ ಇರುವುದಿಲ್ಲ ಎಂದು ನನಗೆ ಆ ದಿನ ಗೊತ್ತಾಯಿತು. ಆ ಚಹಾ ಅವನ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳಲಿ ಎಂದು ಶಪಿಸಿದೆ.

ದಮ್ಮಾಮಿನಲ್ಲಿ ಯಾರೂ ನಗಲಿಲ್ಲ. ಉತ್ತರ ಬಂದಾಗ ಕಬಡ್ಡಿ, ಬಸ್ಸು ಯಾವುದರ ಮಾತೂ ಇಲ್ಲ, ಬರೀ ನೆಬೀಸಾ. ಅವಳಿಗೆ ತಾಯಿಮನೆ ಇಲ್ಲವಾ, ಮಸೀದಿಯ ಜಮಾತಿನವರಿಗೆ ಯಾಕೆ ಹೇಳುವುದಿಲ್ಲ, ಒನಕೆ ಇಲ್ಲವಾ ಆ ಮನೆಯಲ್ಲಿ ಎಂದು ಒಬ್ಬೊಬ್ಬರೂ ಕೇಳಿದರು. ಸುಲೈಮಾನ್ ಎಲ್ಲರಿಗಿಂತ ಜೋರು: "ಅಂಥವನ ಕೈ ಮುರೀಬೇಕು. ನಾನು ಊರಲ್ಲಿದ್ದರೆ ವಿಟ್ಲಕ್ಕೆ ಹೋಗಿ ಅವನ ಎಲುಬು ಪುಡಿ ಮಾಡ್ತಿದ್ದೆ, ವಲ್ಲಾಹಿ!"

ಐಸಮ್ಮ ನನ್ನ ಕೈ ಹಿಡಿದುಕೊಂಡಳು. "ಕೇಳಿದಿರಾ? ಪುಡಿ ಮಾಡ್ತಾರಂತೆ." ಅವಳ ಮುಖದಲ್ಲಿ ಅಷ್ಟು ಸಂತೋಷ ನಾನು ಎಂದೂ ನೋಡಿರಲಿಲ್ಲ.

ಹಾಗೆ ಏಳು ತಿಂಗಳು ನಡೆಯಿತು. ಶುಕ್ರವಾರ ಶುಕ್ರವಾರ ನೆಬೀಸಾ ಪೆಟ್ಟು ತಿಂದಳು, ದಮ್ಮಾಮಿನ ಎಂಟು ಗಂಡಸರು ಹಲ್ಲು ಕಡಿದರು. ನಾನು ದಿನವೂ ಪೀಡಿಸುತ್ತಿದ್ದೆ: "ಸಾಕು, ಇನ್ನು ಹೇಳು ಹೆಸರು." ಅವಳು, "ಇನ್ನೊಂದು ಕ್ಯಾಸೆಟ್ಟು ಹೋಗಲಿ," ಎನ್ನುವಳು. ಅವಳಿಗೆ ಹೆದರಿಕೆ ಇದ್ದದ್ದು ಬೆಲ್ಟಿನದ್ದಲ್ಲ. ಹೆಸರು ಹೇಳಿದ ಮೇಲೂ ಗಂಡನ ಆ ಸಿಟ್ಟು ಉಳಿಯುತ್ತದೋ ಇಲ್ಲವೋ ಎಂಬುದೇ ಅವಳ ಹೆದರಿಕೆ. ಉಳಿಯದಿದ್ದರೆ ಅವಳಿಗೆ ಇನ್ನು ಯಾರಿದ್ದಾರೆ?

ತೊಂಬತ್ತೈದರ ಮಾರ್ಚಿನಲ್ಲಿ ಅವನು ಬಾಗಿಲ ಸಂದಿನಲ್ಲಿ ಅವಳ ಎಡಗೈ ಇಟ್ಟು ಬಾಗಿಲು ದೂಡಿದ. ಎರಡು ಬೆರಳಿನ ಎಲುಬು ಮುರಿಯಿತು. ಕುಸ್ತಿ ನೋಡುವ ಹೊತ್ತಿಗೆ ಅವಳು ಟಿ.ವಿ.ಯ ಎದುರು ಅಡ್ಡ ಹಾದುಹೋದಳಂತೆ, ಅದಕ್ಕೆ. ಬಂಟ್ವಾಳಕ್ಕೆ ನಾನೇ ಕರೆದುಕೊಂಡು ಹೋಗಿ ಪಟ್ಟಿ ಕಟ್ಟಿಸಿದೆ. ಡಾಕ್ಟರು ಕೇಳಿದ್ದಕ್ಕೆ ಅವಳು, "ಬಾಗಿಲು ತಾಗಿತು," ಎಂದಳು. ಬಸ್ಸಿನಲ್ಲಿ ಬರುವಾಗ ಮಾತ್ರ, "ಇನ್ನು ಬೀಡಿ ಕಟ್ಟಲಿಕ್ಕೂ ಆಗುವುದಿಲ್ಲ ಅಕ್ಕ. ಈ ಶುಕ್ರವಾರ ಹೇಳ್ತೇನೆ," ಎಂದಳು.

ಹೇಳಿದಳು. ಬೇರೆಯೇ ಒಂದು ಕ್ಯಾಸೆಟ್ಟಿನಲ್ಲಿ, ಮಹಮ್ಮದ್ ಕುಂಞಿಗೆ ಗೊತ್ತಾಗದ ಹಾಗೆ. ಮೊದಲು ಎಂದಿನಂತೆ ವಾರದ ಸುದ್ದಿ: ಮೂಡುಬಿದಿರೆಯಲ್ಲಿ ಗೂಳಿ ನುಗ್ಗಿ ಬಟ್ಟೆ ಅಂಗಡಿ ಹಾಳು ಮಾಡಿದ್ದು, ನಾಯಿಗಳು ಒಂದು ಆಡನ್ನು ಹರಿದದ್ದು. ಆಮೇಲೆ ನೆಬೀಸಾಳ ಬೆರಳು. ಆಮೇಲೆ, "ನೆಬೀಸಾ ಅಂತ ವಿಟ್ಲದಲ್ಲಿ ಯಾರೂ ಇಲ್ಲ. ಅದು ನಾನು. ಆ ಗಂಡಸು ನಿಮ್ಮ ಅಣ್ಣ."

ಆ ಭಾನುವಾರ ಅಬ್ದುಲ್ ನಾಸಿರ್ ಎಂಬವನು ರಜೆ ಮುಗಿಸಿ ದಮ್ಮಾಮಿಗೆ ಹೊರಡುವವನಿದ್ದ, ಗೋದಾಮಿನ ಕೆಲಸದವನೇ, ಅದೇ ರೂಮಿಗೆ. ಕ್ಯಾಸೆಟ್ಟನ್ನು ನಾನೇ ಅವನ ಮನೆಗೆ ಹೋಗಿ ಕೈಯಲ್ಲಿ ಕೊಟ್ಟೆ. "ಸುಲೈಮಾನಿಗೆ ಮಾತ್ರ ಕೊಡು," ಎಂದು ಎರಡು ಸಲ ಹೇಳಿದೆ. ನಾನು ಒಂದು ವಿಷಯ ಮರೆತಿದ್ದೆ. ಅಲ್ಲಿಯ ಏರ್‌ಪೋರ್ಟಿನಲ್ಲಿ ಸಿನೆಮಾ ಹಾಡಿನ ಕ್ಯಾಸೆಟ್ ಸಿಕ್ಕಿದರೆ ತೊಂದರೆ ಎಂದು, ಹೋಗುವವರು ತಮ್ಮ ಕೈಗೆ ಬಂದ ಕ್ಯಾಸೆಟ್ಟನ್ನೆಲ್ಲ ಒಮ್ಮೆ ಹಾಕಿ ನೋಡುವುದು ಕ್ರಮ. ನಾಸಿರನ ಟೇಪು ಹಾಳಾಗಿತ್ತು. ಒಳ್ಳೆಯವನು, ಭಯಸ್ಥ. ಹೇಗೂ ಅವರದ್ದೇ ಮನೆಯ ಕ್ಯಾಸೆಟ್ಟಲ್ಲವಾ ಎಂದು ಶನಿವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಸೀದಾ ಮಹಮ್ಮದ್ ಕುಂಞಿಯ ಜಗಲಿಗೇ ಬಂದ.

ನಾನು ಅಂಗಳದಲ್ಲಿ ಭತ್ತ ಹರಡುತ್ತಿದ್ದೆ. ಗೂಳಿಯ ಸುದ್ದಿ ಕೇಳಿ ಅವರಿಬ್ಬರೂ ನಗುವುದು ಕೇಳಿಸಿತು. ಐಸಮ್ಮ ಒಳಗಿನಿಂದ ಚಹಾ ತರುತ್ತಿದ್ದಳು, ತನ್ನ ಧ್ವನಿ ಕೇಳಿ ಬಾಗಿಲಲ್ಲಿ ನಿಂತುಬಿಟ್ಟಳು. ನಾನು ಭತ್ತ ಬಿಟ್ಟು ಗೋಡೆಯ ಹತ್ತಿರ ಬಂದೆ. ಬೆರಳಿನ ಕತೆ ಬಂತು. ಮಹಮ್ಮದ್ ಕುಂಞಿ, "ಸರಿಯಾಗಿ ಮಾಡಿದ!" ಎಂದ. ಅದರ ಹಿಂದೆಯೇ ಆ ಮಾತು ಬಂತು.

ಅವನು ಎದ್ದು ಕ್ಯಾಸೆಟ್ ಕಿತ್ತು ನೆಲಕ್ಕೆ ಹಾಕಿ ತುಳಿದ. ಆಮೇಲೆ ಐಸಮ್ಮನ ಜುಟ್ಟು ಹಿಡಿದು ಅಂಗಳಕ್ಕೆ ಎಳೆದ. ಬಿಸಿ ಚಹಾ ಅವಳ ಎದೆಯ ಮೇಲೆ ಚೆಲ್ಲಿತು. ಹೊಟ್ಟೆಗೆ ಒದ್ದ. ಪಟ್ಟಿ ಕಟ್ಟಿದ ಕೈಯನ್ನು ಚಪ್ಪಲಿಯಲ್ಲಿ ಮೆಟ್ಟಿದ. ಅವಳು ಕಿರುಚಿದ್ದು ರಸ್ತೆಯ ತನಕ ಕೇಳಿಸಿರಬೇಕು. ನಾಸಿರ್, "ಅಣ್ಣಾ ಬಿಡಿ, ಅಣ್ಣಾ ಬಿಡಿ," ಎಂದು ಅವನ ಅಂಗಿ ಹಿಡಿದು ಎಳೆಯುತ್ತಿದ್ದ. ಅಂಗಿ ಹರಿದು ಕೈಗೆ ಬಂತು, ಮಹಮ್ಮದ್ ಕುಂಞಿ ಹೊಡೆಯುವುದು ಬಿಡಲಿಲ್ಲ.

ಗೋಡೆ ನಾನು ಹೇಗೆ ಹಾರಿದೆನೋ ನನಗೆ ಗೊತ್ತಿಲ್ಲ. ಅಂಗಳದಲ್ಲಿ ತೆಂಗಿನ ಗರಿಯ ದಪ್ಪ ಬುಡ, ಕೊತ್ತಳಿಗೆ ಬಿದ್ದಿತ್ತು. ಎರಡು ಕೈಯಲ್ಲಿ ಎತ್ತಿ ಅವನ ಮೊಣಕಾಲಿನ ಹಿಂದೆ ಬಾರಿಸಿದೆ. ಕುಸಿದ. ಮತ್ತೆ ಹೆಗಲಿಗೆ, ಮತ್ತೆ ಕಿವಿಯ ಬುಡಕ್ಕೆ. ರಕ್ತ ಬಂತು. ರಕ್ತ ನೋಡಿ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ನಾಸಿರ್ ನನ್ನನ್ನು ಹಿಡಿಯದೆ ಇದ್ದರೆ ನಾನು ಆ ದಿನ ಜೈಲಿಗೆ ಹೋಗುತ್ತಿದ್ದೆ. ಮಹಮ್ಮದ್ ಕುಂಞಿಯ ಹೆಂಡತಿ ಬಾಗಿಲು ತೆರೆದು ಹೊರಗೆ ಬಂದಳು. ಗಂಡನ ಹತ್ತಿರ ಹೋಗಲಿಲ್ಲ, ಐಸಮ್ಮನನ್ನು ಎತ್ತಿ ಕೂರಿಸಿದಳು.

ಮಧ್ಯಾಹ್ನದ ಬಸ್ಸಿಗೆ ಐಸಮ್ಮನನ್ನು ಮೂಡುಬಿದಿರೆಯ ತಾಯಿಮನೆಗೆ ಮುಟ್ಟಿಸಿದೆ. ನಾಸಿರ್ ಮರುದಿನ ಬರಿಗೈಯಲ್ಲಿ ದಮ್ಮಾಮಿಗೆ ಹೋದ. "ಬಾಯಲ್ಲಿ ಹೇಳ್ತೇನೆ ಅಕ್ಕ, ಕಂಡದ್ದನ್ನೆಲ್ಲ ಹೇಳ್ತೇನೆ," ಎಂದಿದ್ದ. ಮಹಮ್ಮದ್ ಕುಂಞಿ ಹದಿನೈದು ದಿನ ಕುಂಟಿದ, ಅಂಗಡಿಯಲ್ಲಿ ಕೇಳಿದವರಿಗೆ ಬಚ್ಚಲಲ್ಲಿ ಜಾರಿದೆ ಎಂದ. ನನ್ನ ಮೇಲೆ ಕಂಪ್ಲೇಂಟ್ ಕೊಡಲಿಲ್ಲ. ಬೀಡಿ ಕಟ್ಟುವವಳ ಕೈಯಲ್ಲಿ ಪೆಟ್ಟು ತಿಂದೆ ಎಂದು ಬರೆಸಬೇಕಲ್ಲ.

ಎರಡು ತಿಂಗಳು ದಮ್ಮಾಮಿನಿಂದ ಸುದ್ದಿ ಇಲ್ಲ. ಆಮೇಲೆ ಬೆಳ್ತಂಗಡಿಯ ಒಬ್ಬರು ನನ್ನ ಮನೆ ಹುಡುಕಿಕೊಂಡು ಬಂದು ಒಂದು ಕ್ಯಾಸೆಟ್ ಕೊಟ್ಟರು. ನಾನು ಅದೇ ದಿನ ಮೂಡುಬಿದಿರೆಗೆ ಹೋದೆ. ಐಸಮ್ಮನ ಬೆರಳು ಸೊಟ್ಟಗೆ ಕೂಡಿತ್ತು. ಪಕ್ಕದ ಮನೆಯ ಟೇಪ್ ತಂದು ಹಾಕಿದೆವು.

ಸುಲೈಮಾನ್ ಮಾತಾಡಿದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. "ನಾಸಿರ್ ಎಲ್ಲ ಹೇಳಿದ. ನನಗೆ ಬೇಜಾರುಂಟು. ಆದರೆ ಅಣ್ಣ ಇಲ್ಲದಿದ್ದರೆ ನಾನು ಇಲ್ಲಿ ಇರ್ತಿರಲಿಲ್ಲ. ಅವನದ್ದು ಮೊದಲಿಂದಲೂ ಕೈ ಮುಂದೆ, ಮನಸ್ಸು ಒಳ್ಳೆಯದು. ರೂಮಿನವರೆಲ್ಲರ ಎದುರು ನನ್ನ ಮಾನ ಹೋಯಿತು. ನೀನು ವಾಪಸ್ ಹೋಗಿ ಅಣ್ಣನ ಹತ್ತಿರ ಮಾಫ್ ಕೇಳಿಕೋ. ಮುಂದಿನ ವರ್ಷ ನಾನು ಬಂದು ನೋಡ್ತೇನೆ."

ನನಗೆ ಟೇಪನ್ನೇ ಎತ್ತಿ ಬಡಿಯಬೇಕು ಅನಿಸಿತು. ಎಲುಬು ಪುಡಿ ಮಾಡುವವನು! ಐಸಮ್ಮ ಅಳಲಿಲ್ಲ. ಸೊಟ್ಟ ಬೆರಳನ್ನು ನೋಡುತ್ತಾ ಕೂತಳು. ಏಳು ತಿಂಗಳು ಅವಳು ಕೂಡಿಸಿದ ಸಿಟ್ಟು ಅಣ್ಣನ ಹೆಸರು ಕೇಳಿದ ಕೂಡಲೇ ಇಳಿದುಹೋಗಿತ್ತು. ಅವಳು ಹೆದರಿದ್ದೇ ಆಯಿತು.

ಕ್ಯಾಸೆಟ್ ತೆಗೆಯುವಾಗ ನಾನು ಸುಮ್ಮನೆ ಮಗುಚಿ ಹಾಕಿದೆ. ಆ ಬದಿಯಲ್ಲಿ ಮೊಯಿದಿನಬ್ಬರ ಧ್ವನಿ ಇತ್ತು. "ತಂಗೀ, ಇದು ಸುಲೈಮಾನಿಗೆ ಗೊತ್ತಿಲ್ಲ, ಅವನು ಡ್ಯೂಟಿಯಲ್ಲಿದ್ದಾನೆ. ನಾವು ಏಳು ಜನ ಇದ್ದೇವೆ. ಅವನ ಅಣ್ಣನ ಕೈ ನಾವೂ ಇಲ್ಲಿ ನೋಡಿದವರೇ, ಕೆಲಸ ಹೋದದ್ದು ಅದಕ್ಕೇ. ಇವನು ವಾಪಸ್ ಹೋಗು ಅಂತ ಹೇಳಿದ್ದು ಕೇಳಿದೆವು. ಇವತ್ತಿನಿಂದ ನಾವು ಅವನ ಜೊತೆ ಒಂದು ತಟ್ಟೆಯಲ್ಲಿ ಉಣ್ಣುವುದಿಲ್ಲ. ಅವನಿಗೆ ಬೇರೆ ಬಡಿಸ್ತೇನೆ. ನಾವು ಇಷ್ಟು ವರ್ಷ ಪೆಟ್ಟಿನ ಕತೆ ಕೇಳಿ ಹೊಟ್ಟೆ ತುಂಬಿಸಿದೆವು. ನೀನು ನಮ್ಮನ್ನು ಮಾಫ್ ಮಾಡಬೇಕು."

ಒಬ್ಬೊಬ್ಬರಾಗಿ ಏಳು ಜನ ತಮ್ಮ ಹೆಸರು, ಊರು ಹೇಳಿದರು. ನಾಸಿರ್ ಕೊನೆಗೆ ಹೇಳಿದ. ಆಗ ಐಸಮ್ಮ ಅತ್ತಳು. ಮುರಿದ ಬೆರಳಿಗೂ ಅಷ್ಟು ಅತ್ತಿರಲಿಲ್ಲ.

ಶುಕ್ರವಾರ ನನ್ನನ್ನು ಬರಹೇಳಿದಳು. ಹೊಸ ಕ್ಯಾಸೆಟ್ ಕೊಳ್ಳಲಿಲ್ಲ, ಸುಲೈಮಾನ್ ಮಾತಾಡಿದ ಬದಿಯ ಮೇಲೆಯೇ ರೆಕಾರ್ಡ್ ಒತ್ತಿದಳು. "ಅಸ್ಸಲಾಮು ಅಲೈಕುಂ. ನಿಮಗೆ ಏಳು ಜನಕ್ಕೆ ಹೇಳುವುದು. ಅವರನ್ನು ಬೇರೆ ಕೂರಿಸಿ ಬಡಿಸಬೇಡಿ. ಮನುಷ್ಯನನ್ನು ಒಬ್ಬನೇ ಉಣ್ಣಲಿಕ್ಕೆ ಬಿಡುವುದು ಸರಿಯಲ್ಲ. ಒಟ್ಟಿಗೆ ಉಣ್ಣಿ. ಆದರೆ ಇನ್ನು ನನ್ನ ಕ್ಯಾಸೆಟ್ ಹಾಕುವಾಗ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿ. ನನ್ನ ವಾರ ಅವರಿಗೆ ಬೇಡ." ಆಮೇಲೆ ಮೂಡುಬಿದಿರೆಯ ಸಂತೆಯಲ್ಲಿ ಇಬ್ಬರು ಒಣಮೀನಿನ ಬುಟ್ಟಿಯಲ್ಲಿ ಹೊಡೆದುಕೊಂಡದ್ದನ್ನು ಶುರು ಮಾಡಿದಳು. ಎಂದಿಗಿಂತ ಚೆನ್ನಾಗಿ ಹೇಳಿದಳು.

ಆ ಮೇಲೆ ಮೂರು ಕ್ಯಾಸೆಟ್ ಹೋಯಿತು. ಅದು ಹಾಕಿದ ದಿನಗಳಲ್ಲಿ ಸುಲೈಮಾನ್ ಆ ಬಿಸಿಲಲ್ಲಿ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಎಂದು ಮೊಯಿದಿನಬ್ಬ ನನಗೆ ವರ್ಷಗಳ ನಂತರ ಮೆಲ್ಕಾರಿನಲ್ಲಿ ಸಿಕ್ಕಿದಾಗ ಹೇಳಿದರು. ಒಳಗೆ ಏಳು ಜನ ನಗುವುದು ಅವನಿಗೆ ಕೇಳಿಸುತ್ತಿತ್ತು, ಹೆಂಡತಿಯ ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಬಾಗಿಲು ಬಡಿದನಂತೆ. ಯಾರೂ ತೆರೆಯಲಿಲ್ಲ.

ನವೆಂಬರಿನಲ್ಲಿ ಅವನು ಬಂದ. ರಜೆಗೆ ಇನ್ನೂ ಆರು ತಿಂಗಳಿತ್ತು. ಮೆಲ್ಕಾರಿನಲ್ಲಿ ಇಳಿಯದೆ ನೇರ ಮೂಡುಬಿದಿರೆಗೆ ಹೋದ, ಪೆಟ್ಟಿಗೆಯೂ ಅಲ್ಲಿಗೇ. ನಾನು ಆ ದಿನ ಅಲ್ಲಿದ್ದೆ. ಐಸಮ್ಮ ಅವನಿಗೆ ನೀರು ಕೊಟ್ಟಳು, ಚಾಪೆ ಹಾಕಿದಳು. ಎದುರು ಕೂತು ಎಡಗೈಯನ್ನು ಅವನ ಮಂಡಿಯ ಮೇಲೆ ಇಟ್ಟಳು.

"ಕರು ಹಾಕಿದ ದಿನ," ಎಂದು ಶುರು ಮಾಡಿದಳು. "ಆ ದಿನ ನಿಮ್ಮ ಅಣ್ಣ ನನ್ನ ಈ ಕೆನ್ನೆಗೆ ಹೊಡೆದರು."

"ಸಾಕು ಐಸಮ್ಮ, ಗೊತ್ತುಂಟು. ಎಲ್ಲ ಕೇಳಿದ್ದೇನೆ," ಎಂದ ಸುಲೈಮಾನ್.

"ನೀವು ಕೇಳಿದ್ದು ನೆಬೀಸಾಳದ್ದು," ಎಂದಳು. ಅವನು ತಲೆ ತಗ್ಗಿಸಿ ಅತ್ತ. ಅವಳು ನಿಲ್ಲಿಸಲಿಲ್ಲ. ಏಳು ತಿಂಗಳ ಒಂದೊಂದು ವಾರವನ್ನೂ, ಒಂದೊಂದು ಪೆಟ್ಟನ್ನೂ, ಹೊಡೆದವನ ಹೆಸರು ಹಿಡಿದು ಹೇಳಿದಳು. ನಾನು ಎದ್ದು ಹೊರಗೆ ಬಂದೆ.